ಹೊಲಿಗೆ ಅತ್ತೆಯ ಮೆಷಿನ್ನು ಬೀದಿಯ ಸ್ವತ್ತಾದದ್ದು

ಹೊಲಿಗೆ ಅತ್ತೆಗೆ ಸಿಟ್ಟು ಬರುವುದು ಅಪರೂಪ. ತಾತ್ಸಾರ ಮಾತ್ರ ಧಾರಾಳವಾಗಿ ಬರುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಒಡಹುಟ್ಟಿದ ತಮ್ಮನಿಗೇ ಮೀಸಲು.

ಬೀದಿಯವರಿಗೆಲ್ಲ ಆಕೆ ಅತ್ತೆಯೇ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮೆಷಿನ್ನು ಇಷ್ಟನ್ನೇ ತೆಗೆದುಕೊಂಡು ತಮ್ಮನ ಮನೆಗೆ ಬಂದವಳು. ಮುಂದಿನ ಕೋಣೆಯ ಕಿಟಕಿ ಪಕ್ಕ ಮೆಷಿನ್ನು ಇಟ್ಟಳು. ಅಂದಿನಿಂದ ಯಾರ ಮುಂದೆಯೂ ಕೈಚಾಚಲಿಲ್ಲ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬಿಚ್ಚಿ ಹೊಸದು ಕೂರಿಸುವುದು, ಅಪ್ಪನ ಅಂಗಿಯನ್ನು ಮಗನ ಮೈಗೆ ಹೊಂದಿಸುವುದು ಅವಳ ಕಸುಬು. ಉಳಿದ ಬಟ್ಟೆಚೂರು ದಿಂಬಿನ ಹೊಟ್ಟೆ ಸೇರುತ್ತಿತ್ತು. ಬೆಳಿಗ್ಗೆ ದೇವರಿಗೆ ಮುಗಿದ ಕೈಯಲ್ಲೇ ಮೆಷಿನ್ನಿನ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಕೂರುವಳು.

ಆಕೆಯ ತಮ್ಮ ತೆರಿಗೆ ಕಚೇರಿಯಿಂದ ನಿವೃತ್ತನಾದವನು. ಕುರ್ಚಿಯಲ್ಲಿದ್ದಷ್ಟು ಕಾಲ ಬಂದವರಿಗೆಲ್ಲ ‘ನಾಳೆ ಬನ್ನಿ’ ಎಂದ ಮನುಷ್ಯ, ನಿವೃತ್ತಿಯಾದ ಮೇಲೆ ನಾಳೆಯ ಬಗ್ಗೆ ಚಿಂತಿಸತೊಡಗಿದ. ಎಲ್ಲೋ ಒಂದು ಭಾಷಣ ಕೇಳಿ ಬಂದಿದ್ದ. ಎಣ್ಣೆ ಮುಗಿಯುತ್ತದಂತೆ, ನೀರು ಮುಗಿಯುತ್ತದಂತೆ, ಪ್ರತಿ ಬೀದಿಯೂ ಈಗಿನಿಂದಲೇ ತನ್ನ ಕಾಲ ಮೇಲೆ ನಿಲ್ಲಲು ಕಲಿಯಬೇಕಂತೆ. ಮಾತು ಸುಳ್ಳಲ್ಲ ಎಂದು ಅತ್ತೆಗೂ ಗೊತ್ತಿತ್ತು. ಆದರೆ ಅದು ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುವ ತಮ್ಮನ ಬಾಯಿಂದ ಬಂದಾಗ ಆಕೆಗೆ ಸೂಜಿಗೆ ದಾರ ಪೋಣಿಸುವ ಕೆಲಸ ನೆನಪಾಗುತ್ತಿತ್ತು.

ಸಂಘ ಹುಟ್ಟಿತು. ಹೆಸರು ‘ನಾಳೆಗೆ ಸಿದ್ಧ’. ಅಧ್ಯಕ್ಷ ತಮ್ಮನೇ, ಕಾರ್ಯದರ್ಶಿ ಔಷಧಿ ಅಂಗಡಿಯವನು. ಮೊದಲ ಕಾರ್ಯಕ್ರಮ ಹಂಚಿಕೆ ಕೋಣೆ. ಬೀದಿಯ ಕೊನೆಯಲ್ಲಿ ಖಾಲಿ ಬಿದ್ದಿದ್ದ ಶೆಡ್ಡಿಗೆ ಪ್ರತಿ ಮನೆಯವರೂ ಒಂದೊಂದು ವಸ್ತು ಕೊಡಬೇಕು, ಬೇಕಾದವರು ಒಯ್ದು ಬಳಸಬೇಕು. “ಒಂದು ಬೀದಿಗೆ ಒಂದು ಏಣಿ ಸಾಕು, ಮನೆಮನೆಗೂ ಯಾಕೆ?” ಎಂದು ಅಧ್ಯಕ್ಷ ಕೇಳಿದಾಗ ಜೋರು ಚಪ್ಪಾಳೆ ಬಿತ್ತು.

ಏಣಿ ಯಾರೂ ಕೊಡಲಿಲ್ಲ. ರೆಕ್ಕೆ ಮುರಿದ ಫ್ಯಾನು ಬಂತು, ತಿರುಗದ ಮಿಕ್ಸಿ ಬಂತು, ಗಾಳಿ ನಿಲ್ಲದ ಸೈಕಲ್ಲು ಬಂತು. ಔಷಧಿ ಅಂಗಡಿಯವನು ಆನೆ ಹತ್ತಿದರೂ ಮುಳ್ಳು ಅಲುಗದ ತೂಕದ ಯಂತ್ರವೊಂದನ್ನು ಕೊಟ್ಟು ಹಾರ ಹಾಕಿಸಿಕೊಂಡ. ಮನೆಯಲ್ಲಿ ಜಾಗವಾಯಿತೆಂಬ ನೆಮ್ಮದಿ ಎಲ್ಲರ ಮುಖದ ಮೇಲೆ ತ್ಯಾಗದ ಕಳೆಯಾಗಿ ಹೊಳೆಯುತ್ತಿತ್ತು.

ಅಧ್ಯಕ್ಷನಿಗೆ ನಡೆಯುವ ವಸ್ತು ಒಂದಾದರೂ ಬೇಕಿತ್ತು. ಒಂದು ದಿನ ಅತ್ತೆ, ಕಾಯಿಲೆ ಬಿದ್ದ ಗೆಳತಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದಳು. ಮರಳಿ ಬಂದು ನೋಡಿದರೆ ಕಿಟಕಿಯ ಕೆಳಗೆ ಮೆಷಿನ್ನಿನ ಕಾಲುಗಳ ಗುರುತು ಮಾತ್ರ ಇತ್ತು.

“ಮೆಷಿನ್ ಎಲ್ಲೋ?”

“ಕೊಟ್ಟೆ, ಅಕ್ಕ. ಇನ್ಮೇಲೆ ಅದು ನಿನ್ನೊಬ್ಬಳದಲ್ಲ, ಇಡೀ ಬೀದೀದು. ಹೆಮ್ಮೆ ಪಡು.”

“ನಿನ್ನ ಟೀವಿ ಕೊಡೋಕೇನಾಗಿತ್ತು?”

“ಟೀವಿಯಿಂದ ಬೀದಿಗೇನು ಉಪಯೋಗ?”

“ಮನೆಗೇನು ಉಪಯೋಗವೋ ಅದೇ.”

ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದಳು. ಅತ್ತೆ ನಗಲಿಲ್ಲ. ಹೊಲಿಯಲು ಬಂದ ಬಟ್ಟೆಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಮೆಷಿನ್ನಿಲ್ಲದಿದ್ದರೆ ಈ ಮನೆಯಲ್ಲಿ ತಾನು ತಮ್ಮನ ಅನ್ನ ತಿನ್ನುವ ಅಕ್ಕ, ಬೇರೇನೂ ಅಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಆಕೆ ಶೆಡ್ಡಿಗೆ ಹೋದಳು. ಗೋಡೆಯ ಮೇಲೆ ಕರಿಹಲಗೆ, ಅದರ ಪಕ್ಕದಲ್ಲಿ ತಮ್ಮನೇ ಬರೆದು ಅಂಟಿಸಿದ ನಿಯಮ. ವಸ್ತು ಬೇಕಾದವರು ಹಲಗೆಯ ಮೇಲೆ ಹೆಸರು ಬರೆದು ಒಯ್ಯಬಹುದು, ಬಳಸುವ ಇನ್ನೊಬ್ಬರು ಹೆಸರು ಬರೆಯುವವರೆಗೂ ಇಟ್ಟುಕೊಳ್ಳಬಹುದು.

“ಬರೀಬೇಕು, ಅತ್ತೆ. ಎಲ್ಲರಿಗೂ ಒಂದೇ ನಿಯಮ,” ಎಂದು ಔಷಧಿ ಅಂಗಡಿಯವನು ಸೀಮೆಸುಣ್ಣ ಮುಂದೆ ಹಿಡಿದ.

ತನ್ನ ಮೆಷಿನ್ನು ತನಗೆ ಬೇಕೆಂದು ಅತ್ತೆ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಳು. ತರಕಾರಿ ಗಾಡಿಯವನನ್ನು ಕರೆದು ಮೆಷಿನ್ನು ಹೇರಿಸಿಕೊಂಡು ಮನೆಗೆ ಬಂದಳು. ಆಮೇಲೆ ಯಾರೂ ಹೆಸರು ಬರೆಯಲಿಲ್ಲ. ಬರೆಯಲು ಆ ಬೀದಿಯಲ್ಲಿ ಬೇರೆ ಹೊಲಿಯುವವರೇ ಇರಲಿಲ್ಲ. ಸಂಘದ ಸಭೆಯಲ್ಲಿ ಮಾತ್ರ ‘ಹಂಚಿಕೆ ಯಶಸ್ವಿ, ಮೊದಲ ಫಲಾನುಭವಿ ನಮ್ಮ ಅಕ್ಕ’ ಎಂದು ಅಧ್ಯಕ್ಷ ಎದೆಯುಬ್ಬಿಸಿದನಂತೆ.

ಅಷ್ಟರಲ್ಲಿ ದೊಡ್ಡ ಊರಿನಿಂದ ಇಂಥ ಸಂಘಗಳನ್ನು ನೋಡಿ ಬೆನ್ನುತಟ್ಟುವ ಮೇಡಮ್ ಒಬ್ಬರು ಬರುವರೆಂದು ಸುದ್ದಿ ಬಂತು. ತಮ್ಮ ಬಂದು ಅಕ್ಕನ ಕಿಟಕಿಯ ಬಳಿ ನಿಂತ.

“ಅಕ್ಕ, ಮೆಷಿನ್ ವಾಪಸ್ ಬೇಕು. ಈ ಸಲ ನೆಲಕ್ಕೆ ಬೋಲ್ಟ್ ಹಾಕ್ಸಿಬಿಡ್ತೀನಿ. ಬಂದೋರಿಗೆಲ್ಲ ತೋರಿಸೋಕೆ ಒಂದು ಶಾಶ್ವತ ವ್ಯವಸ್ಥೆ.”

ಅತ್ತೆಯ ಕಾಲು ಪೆಡಲಿನ ಮೇಲೆ ನಿಂತಿತು. ಬೋಲ್ಟು ಬಿದ್ದರೆ ಮುಗಿಯಿತು, ಮೆಷಿನ್ನು ಇನ್ನು ಈ ಕಿಟಕಿ ಕಾಣುವುದಿಲ್ಲ.

“ಬಳಸೋರು ಯಾರು?”

“ಸದ್ಯಕ್ಕೆ ನಾನೇ ಅಂತ ಇಟ್ಕೋ.”

“ಹಾಗಾದ್ರೆ ಹಲಗೆ ಮೇಲೆ ನಿನ್ನ ಹೆಸರು ಬರಿ. ಬೋಲ್ಟು ಮೇಡಮ್ ಹೋದ್ಮೇಲೆ ಹಾಕ್ಸು.”

ಬರೆದ. ಮನೆಯ ಟೀವಿ ರಿಮೋಟಿಗೆ ಸೆಲ್ಲು ಹಾಕಲು ಹೆಂಡತಿಯನ್ನು ಕರೆಯುವ ಮನುಷ್ಯ, ‘ಹೊಲಿಗೆ ಮೆಷಿನ್ನು — ಅಧ್ಯಕ್ಷರು’ ಎಂದು ದುಂಡಗೆ ಬರೆದ. ಮೆಷಿನ್ನು ಮತ್ತೆ ಶೆಡ್ಡು ಸೇರಿತು. ಸಂಘದವರು ಎಡವುವುದು ಎಲ್ಲಿ ಎಂದು ಅತ್ತೆಗೆ ಗೊತ್ತಿತ್ತು. ಗೋಡೆಗೆ ಅಂಟಿಸಿದ ಕೂಡಲೇ ಕೆಲಸ ಮುಗಿಯಿತು ಎಂದು ನಂಬುವ ಜನ ಅವರು.

ಮೇಡಮ್ ಬಂದರು. ಫ್ಯಾನಿಗೆ, ಮಿಕ್ಸಿಗೆ ತಲೆಯಾಡಿಸಿದರು. ಹಲಗೆಯ ಮುಂದೆ ನಿಂತು ಓದಿದರು.

“ಓ, ಅಧ್ಯಕ್ಷರೇ ಹೊಲೀತಾರಾ? ಎಷ್ಟು ಚೆನ್ನಾಗಿದೆ! ಗಂಡಸರು ಮುಂದೆ ಬರಬೇಕು. ಸ್ವಲ್ಪ ತೋರಿಸಿ, ನೋಡೋಣ.”

ಅಧ್ಯಕ್ಷ ಅಕ್ಕನ ಕಡೆ ನೋಡಿದ. ಅಕ್ಕ ಚಾವಣಿಯ ಕಡೆ ನೋಡಿದಳು.

ಕೈಮಗ್ಗದ ಹೊಸ ಜುಬ್ಬದ ಅಗಲ ತೋಳು ಇಳಿಬಿಟ್ಟುಕೊಂಡೇ ಅವನು ಸ್ಟೂಲಿನ ಮೇಲೆ ಕೂತ. ತೋರಿಸಲೆಂದು ಇಟ್ಟಿದ್ದ ಅರ್ಧ ಹೊಲಿದ ಬಟ್ಟೆಚೀಲವೊಂದನ್ನು ಸೂಜಿಯ ಕೆಳಗೆ ತಳ್ಳಿದ. ತುಳಿದ. ಚಕ್ರ ಹಿಂದಕ್ಕೆ ತಿರುಗಿ ದಾರ ಹಕ್ಕಿಗೂಡಿನಂತೆ ಸಿಕ್ಕುಬಿತ್ತು.

“ಚಕ್ರ ಮುಂದಕ್ಕೆ ತಿರುಗ್ಬೇಕು, ಅಧ್ಯಕ್ಷರೇ,” ಎಂದು ಅತ್ತೆ ಗೌರವದಿಂದಲೇ ಹೇಳಿದಳು. ಸಿಕ್ಕು ಕಿತ್ತು, ದಾರ ಪೋಣಿಸಿ ಹಿಂದೆ ಸರಿದಳು.

ಅವಮಾನದ ಸಿಟ್ಟೆಲ್ಲ ಕಾಲಿಗಿಳಿಯಿತು. ಮೆಷಿನ್ನು ಗಡಗಡ ಓಡಿತು. ಬಟ್ಟೆಚೀಲದ ಜೊತೆ ಜುಬ್ಬದ ತೋಳೂ ಸೂಜಿಯ ಕೆಳಗೆ ಓಡಿತು. ಅವನು ಕೈ ಎಳೆದ, ಬರಲಿಲ್ಲ. ಎದ್ದ, ಬಟ್ಟೆಚೀಲವೂ ಎದ್ದಿತು, ಮೆಷಿನ್ನು ವಾಲಿತು. ಬಾಗಿಲಲ್ಲಿದ್ದ ತರಕಾರಿ ಗಾಡಿಯವನು “ಸಾರ್, ಕೂತ್ಕೊಳಿ, ನಾಳೆ ಬಿಡ್ತಾರೆ!” ಎಂದ. ಇಡೀ ಬೀದಿ ಹೊಟ್ಟೆ ಹಿಡಿದುಕೊಂಡಿತು. ಮೇಡಮ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು.

ಅತ್ತೆ ಸೊಂಟದಿಂದ ಕತ್ತರಿ ತೆಗೆದು ಜುಬ್ಬದ ತೋಳನ್ನೇ ಕತ್ತರಿಸಿದಳು. ಬಟ್ಟೆಚೀಲಕ್ಕೆ ಗೀರೂ ಬೀಳಲಿಲ್ಲ.

“ಈ ಮೆಷಿನ್ ಕೆಟ್ಟಿದೆ!” ಎಂದು ಅಧ್ಯಕ್ಷ ಕೂಗಿದ. “ಹಳೇ ಕಾಲದ್ದು. ನಾಳೆಗೆ ಲಾಯಕ್ಕಿಲ್ಲ. ಇದನ್ನ ಇವತ್ತೇ ಇಲ್ಲಿಂದ ಸಾಗಿಸಿ!”

“ಎಲ್ಲರೂ ಕೇಳಿಸ್ಕೊಂಡ್ರಲ್ಲ?” ಎಂದಳು ಅತ್ತೆ. ತರಕಾರಿ ಗಾಡಿ ಹೊರಗೇ ನಿಂತಿತ್ತು.

ಸಂಜೆ ಮೆಷಿನ್ನು ಕಿಟಕಿಯ ಕೆಳಗೆ ತನ್ನ ಗುರುತಿನ ಮೇಲೇ ಕೂತಿತು. ದೇವರು ಇಷ್ಟು ಚಿಕ್ಕ ವಿಷಯಕ್ಕೂ ಬಿಡುವು ಮಾಡಿಕೊಳ್ಳುತ್ತಾನಲ್ಲ ಎಂದು ಅತ್ತೆ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡು, ಗುಡ್ಡೆಯಿಂದ ಮೊದಲ ಪ್ಯಾಂಟು ಎಳೆದಳು. ಬಾಗಿಲಲ್ಲಿ ನೆರಳು ಬಿತ್ತು. ಒಂಟಿ ತೋಳಿನ ಜುಬ್ಬವನ್ನು ಬೆನ್ನ ಹಿಂದೆ ಹಿಡಿದುಕೊಂಡು ತಮ್ಮ ನಿಂತಿದ್ದ.

“ಅಕ್ಕ, ಇದಕ್ಕೊಂದು ತೋಳು...”

ಅತ್ತೆ ತಲೆ ಎತ್ತಲಿಲ್ಲ.

“ನಾಳೆ ಬಾ,” ಎಂದಳು.