ಹೊಲಿಗೆ ಮಷಿನ್ನಿನ ಸದ್ದಿಗೆ ಬರುವ ಹಕ್ಕಿಗಳು

ನನ್ನ ನಾದಿನಿ ಬಟ್ಟೆ ಹೊಲಿಯುವವಳು. ಮದುವೆಯಾಗಲಿಲ್ಲ. ನನ್ನ ಗಂಡ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಹಿತ್ತಿಲ ಬಾಗಿಲ ಪಕ್ಕ, ಬೆಳಕು ಬೀಳುವ ಕಡೆ, ಅವಳ ಕಾಲುಮಷಿನ್ನು. ಬಾಗಿಲಾಚೆ ಒಗೆಯುವ ಕಲ್ಲು, ಅದರ ಮೇಲೆ ಒಂದು ಹಳೆಯ ತಗಡಿನ ತಟ್ಟೆ. ಬೆಳಿಗ್ಗೆ ಮೊದಲು ಚಿಂದಿ ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿದು ದಾರ ಸರಿಯಿದೆಯೇ ನೋಡುತ್ತಾಳೆ. ಆಮೇಲೆ ಎದ್ದು ತಟ್ಟೆಗೆ ಒಂದು ಹಿಡಿ ನುಚ್ಚು ಹಾಕುತ್ತಾಳೆ. ವರ್ಷಗಳಿಂದ ಇದೇ ಕ್ರಮ.

ಗುಬ್ಬಚ್ಚಿಗಳು ಬರುತ್ತವೆ. ಕೊನೆಗೆ ಒಂದು ಮೈನಾ. ಅದರ ಎಡಗಾಲಿಗೆ ದಾರ ಸುತ್ತಿಕೊಂಡು ಬೆರಳುಗಳು ಉದುರಿಹೋಗಿವೆ. ಆ ದಾರ ತನ್ನ ಮಷಿನ್ನಿನದ್ದೇ ಎಂದು ನಾದಿನಿ ನಂಬಿದ್ದಾಳೆ. ಆ ಕಾಲು ಕಂಡ ದಿನದಿಂದ ದಾರದ ಚೂರನ್ನು ಹೊರಗೆ ಗುಡಿಸುವುದಿಲ್ಲ, ಡಬ್ಬಿಗೆ ತುಂಬುತ್ತಾಳೆ. ಮೈನಾಕ್ಕೆ ‘ನಮ್ಮನೆ ಯಜಮಾನ್ರು’ ಎಂದು ಹೆಸರಿಟ್ಟಿದ್ದಾಳೆ.

ಹೋದ ತಿಂಗಳು ಅವಳ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮೊದಲೇ ಮಂಜು. ಹದಿನೈದು ದಿನ ಬಗ್ಗಬಾರದು, ಮಷಿನ್ ತುಳಿಯಬಾರದು ಎಂದರು ಡಾಕ್ಟರು.

“ಅತ್ತಿಗೆ, ಯಜಮಾನ್ರಿಗೆ ಊಟ ತಪ್ಪಿಸ್ಬೇಡಿ. ಆ ಕಾಲಲ್ಲಿ ಬೇರೆ ಕಡೆ ಕಿತ್ತಾಡೋಕೆ ಅದಕ್ಕಾಗಲ್ಲ.”

“ಸುಮ್ನೆ ಮಲ್ಕೊಳ್ಳೇ. ನುಚ್ಚು ಹಾಕೋಕೂ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾ?”

ಮಾರನೆಯ ದಿನ ಏಳಕ್ಕೆ ಸರಿಯಾಗಿ ಅದೇ ತಟ್ಟೆಗೆ ಅಷ್ಟೇ ನುಚ್ಚು ಹಾಕಿದೆ. ಒಂದು ಕಾಗೆ ಬಂದು ಎಲ್ಲವನ್ನೂ ಮುಗಿಸಿತು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ನಾದಿನಿ ಕೇಳಿದಳು.

“ಬಂದ್ರಾ?”

“ಬಂದ್ರು, ತಿಂದ್ರು, ಹೋದ್ರು.”

“ಪಟ್ಟಿ ಕಟ್ಟಿರೋದು ಕಣ್ಣಿಗೆ ಅತ್ತಿಗೆ, ಕಿವಿಗಲ್ಲ. ಬಂದಿದ್ದು ಕಾಗೆ.”

ನನ್ನ ಮುಖ ಸಪ್ಪೆಯಾಯಿತು. ಅವಳೇ ಅಂದಳು, “ಮಷಿನ್ ಸದ್ದಿಲ್ಲ, ಅದಕ್ಕೇ ಬರ್ತಿಲ್ಲ. ನೀವು ತುಳೀರಿ.”

ಇಷ್ಟು ವರ್ಷ ನಾನು ಆ ಮಷಿನ್ ಒರೆಸಿದ್ದೆನೇ ಹೊರತು ತುಳಿದಿರಲಿಲ್ಲ. ಕೂತು ಕಾಲು ಒತ್ತಿದೆ. ಗಾಲಿ ಹಿಂದಕ್ಕೆ ತಿರುಗಿ ದಾರವೆಲ್ಲ ಗಂಟಾಯಿತು.

“ಹಿಂದಕ್ಕೆ ಓಡ್ತಿದೆ!” ಎಂದು ಕೋಣೆಯಿಂದ ಕೂಗಿದಳು. “ಗಾಲೀನ ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ, ಆಮೇಲೆ ಕಾಲು. ಮೊದಲು ಸೂಜಿ ತೆಗೀರಿ, ಬೆರಳು ಹೊಲ್ಕೊಂಡೀರಿ!”

ಸೂಜಿಯಿಲ್ಲದೆ, ಬಟ್ಟೆಯಿಲ್ಲದೆ ತುಳಿದೆ. ಎದ್ದು ನುಚ್ಚು ಹಾಕಿ ಬಂದು ಮತ್ತೆ ತುಳಿದೆ. ಎರಡು ದಿನಕ್ಕೆ ಗುಬ್ಬಚ್ಚಿಗಳು ಬಂದವು. ಮೈನಾ ಬರಲಿಲ್ಲ. ನಾದಿನಿ ಕೇಳುವುದನ್ನೇ ಬಿಟ್ಟಳು. ಕೇಳಿದ್ದರೆ ಚೆನ್ನಾಗಿತ್ತು. ಗೋಡೆ ಕಡೆ ತಿರುಗಿ ಆ ದಾರದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಮಲಗಿರುತ್ತಿದ್ದಳು.

ಒಂಬತ್ತನೆಯ ದಿನ ತುಳಿಯುತ್ತಿದ್ದಾಗ ತಗಡಿನ ತಟ್ಟೆ ಟಕ್ ಎಂದಿತು. ಒಂದು ಗಳಿಗೆ ಬಿಟ್ಟು ಮತ್ತೆ ಟಕ್. ಗುಬ್ಬಚ್ಚಿ ಕೂತರೆ ಹೀಗೆ ಸದ್ದಾಗುವುದಿಲ್ಲ, ಎರಡೂ ಕಾಲು ನೆಟ್ಟಗಿರುವ ಕಾಗೆಯದೂ ಹೀಗಲ್ಲ. ನಾನು ತಿರುಗಿ ನೋಡಲಿಲ್ಲ.

“ಅತ್ತಿಗೆ, ನಿಲ್ಲಿಸ್ಬೇಡಿ,” ಅಂದಳು ಒಳಗಿನಿಂದ. “ಯಜಮಾನ್ರು.”

“ಹೂಂ ಕಣೇ. ಅಳಬೇಡ, ಪಟ್ಟಿ ನೆನೆಯುತ್ತೆ.”

“ನೀವು ಮೊದಲು ಮೂಗು ಒರೆಸ್ಕೊಳ್ಳಿ.”

ಒಂದು ಕೈಯಿಂದ ಒರೆಸಿಕೊಂಡೆ. ಕಾಲು ನಿಲ್ಲಿಸಲಿಲ್ಲ.