ಮುಲುಂಡಿನವರೋ ಜೋಗೇಶ್ವರಿಯವರೋ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಹಾಲು ಮಾರುವ ಭಯ್ಯಾ ಅಳೆದು ಕೊಡುವಾಗ ನನ್ನ ಕಣ್ಣು ಹಾಲಿನ ಮೇಲಿರುವುದಿಲ್ಲ, ಅವನ ಹೆಬ್ಬೆರಳಿನ ಮೇಲಿರುತ್ತದೆ. ಹಾಗಾಗಿ ಎಂಬತ್ತರ ದಶಕದ ಕೊನೆಯಲ್ಲಿ ಮಲಾಡಿನ ನಮ್ಮ ಕನ್ನಡ ಸಂಘದವರು ಮುಂಬಯಿಯ ಕನ್ನಡ ನಾಟಕದವರ ಬಗ್ಗೆ ಒಂದು ಕೋಶ ಮಾಡೋಣ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದಾಗ, ಚಪ್ಪಾಳೆ ತಟ್ಟದೆ ಕೂತವಳು ನಾನೊಬ್ಬಳೇ. ಆದರೂ ಅಕ್ಷರ ದುಂಡಗಿದೆ ಎಂದು ಕಾರ್ಡುಗಳನ್ನು ಅಕಾರಾದಿಯಲ್ಲಿ ಜೋಡಿಸುವ ಕೆಲಸ ನನ್ನ ತಲೆಗೇ ಕಟ್ಟಿದರು.

ಒಂದು ಪಾತ್ರಕ್ಕೆ ಒಂದು ಕಾರ್ಡು. ಮೇಲೆ ನಟನ ಹೆಸರು, ಕೆಳಗೆ ವಿವರ. ತೊಂದರೆ ಶುರುವಾದದ್ದೇ ಹೆಸರಿನಲ್ಲಿ. ನಮ್ಮವರಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟು ಇಟ್ಟು, ಒಂದೇ ಹೆಸರಿನವರು ಸಭೆಗೆ ಇಬ್ಬರಂತೆ ಸಿಗುತ್ತಾರೆ. ಮುಂಬಯಿಯಲ್ಲಿ ಇದಕ್ಕೆ ಒಂದು ಉಪಾಯ ಮೊದಲಿನಿಂದಲೂ ಇದೆ. ಇಲ್ಲಿ ಊರು, ಮನೆತನ ಎಲ್ಲ ಆಮೇಲೆ, ಮೊದಲು ಸ್ಟೇಷನ್ನು. ಮಾತಿನಲ್ಲಿ ದಾದರಿನವರು, ಕುರ್ಲಾದವರು ಎನ್ನುತ್ತಿದ್ದುದನ್ನೇ ಕಾರ್ಡಿನಲ್ಲಿ ಹೆಸರಿನ ಮುಂದೆ ಕಂಸದೊಳಗೆ ಬರೆದರೆ ಆಯಿತು ಎಂದು ತೀರ್ಮಾನವಾಯಿತು.

ಜೋಗೇಶ್ವರಿಯವರು ಎಂದರೆ ನನ್ನ ಗಂಡ. ಉಡುಪಿ ಕಡೆಯವರು, ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಮುಲುಂಡಿನವರು ಎಂದರೆ ಮೈಸೂರು ಕಡೆಯ ಒಬ್ಬ ಬ್ಯಾಂಕ್ ಆಫೀಸರು. ಇಬ್ಬರಿಗೂ ಒಂದೇ ಹೆಸರು, ಇಬ್ಬರಿಗೂ ಒಂದೇ ನಾಟಕದ ಹುಚ್ಚು. ಆದರೆ ಆಫೀಸರು ಸಂಘದ ಕಮಿಟಿಯಲ್ಲೂ ಇದ್ದರು, ಅದು ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಸಭೆಯಲ್ಲಿ ಒಬ್ಬರು, ಹೆಚ್ಚು ಪ್ರಸಿದ್ಧರಾದವರಿಗೆ ಬರೀ ಹೆಸರು ಸಾಕು, ಇನ್ನೊಬ್ಬರಿಗೆ ಮಾತ್ರ ಕಂಸ ಹಾಕೋಣ ಎಂದರು. ಪ್ರಸಿದ್ಧರು ಯಾರು ಎಂದು ನಾನು ಕೇಳಿದೆ. ಎಲ್ಲರೂ ಆಫೀಸರ ಕಡೆ ನೋಡಿದರು. ಅವರು ನಕ್ಕು, "ಇಬ್ಬರಿಗೂ ಇರಲಿ ಬಿಡಿ" ಎಂದರು. ಇಷ್ಟು ಸಲೀಸಾಗಿ ಬಿಟ್ಟುಕೊಡುವವರು ಬೇರೆಲ್ಲೋ ಕೈ ಹಾಕಿರುತ್ತಾರೆ ಎಂದುಕೊಂಡೆ.

ಎಲ್ಲಿ ಎಂಬುದು ಸ್ವಲ್ಪ ದಿನದಲ್ಲೇ ಗೊತ್ತಾಯಿತು.

ಮದುವೆಗೆ ಮುಂಚೆ ಮುಲುಂಡಿನ ಒಂದು ಶಾಲೆಯ ಸಭಾಂಗಣದಲ್ಲಿ ನಾನೊಂದು ನಾಟಕ ನೋಡಿದ್ದೆ. ಅದರಲ್ಲಿ ಒಬ್ಬ ಮುದುಕ ರಾಜ ಹೆತ್ತ ಮಗನಿಗೇ ಶಿಕ್ಷೆ ವಿಧಿಸುತ್ತಾನೆ. ಆಮೇಲೆ ಕಿರೀಟ ತೆಗೆದು ಪಕ್ಕಕ್ಕಿಟ್ಟು, ಸಿಂಹಾಸನ ಇದ್ದೂ ನೆಲದ ಮೇಲೆ ಕೂರುತ್ತಾನೆ. ಒಂದು ಮಾತೂ ಆಡುವುದಿಲ್ಲ. ಅಳಲು ನಾಚುತ್ತಿದ್ದ ವಯಸ್ಸಿನಲ್ಲಿ ಅವತ್ತು ಎಲ್ಲರೆದುರು ಅತ್ತಿದ್ದೆ. ಗಡ್ಡ, ಮೀಸೆ, ಬಣ್ಣದ ಹಿಂದೆ ಮುಖ ತಿಳಿಯಲಿಲ್ಲ. ಹಂಚಿದ ಚೀಟಿಯಲ್ಲಿ ಹೆಸರಿತ್ತು, ಅದನ್ನು ಮರೆಯಲಿಲ್ಲ. ಕೆಲ ಕಾಲದ ಮೇಲೆ ಚಿಕ್ಕಮ್ಮ ಅದೇ ಹೆಸರಿನ ಹುಡುಗನ ಸಂಬಂಧ ತಂದರು. ಮುಲುಂಡಿನ ಹೋಟೆಲಿನಲ್ಲಿದ್ದಾನೆ, ನಾಟಕದಲ್ಲೂ ಪಾರ್ಟು ಮಾಡುತ್ತಾನಂತೆ ಎಂದರು. ಹೋಟೆಲಿನವನಿಗೆ ಕೊಡುವುದೇ ಎಂದು ಅಪ್ಪ ಮೂಗು ಮುರಿದರೆ, ನಾನೇ ಹಟ ಹಿಡಿದು ಒಪ್ಪಿಸಿದೆ. ಮದುವೆಯಾದ ಮೇಲೆ ಆ ಕಿರೀಟದ ದೃಶ್ಯವನ್ನು ಗಂಡನಿಗೆ ಅದೆಷ್ಟು ಸಲ ಬಣ್ಣಿಸಿದ್ದೇನೋ. ಅವರು ತಲೆ ತಗ್ಗಿಸಿ ನಗುತ್ತಾ ಕೇಳುತ್ತಿದ್ದರು.

ಆ ರಾಜನ ಪಾತ್ರದ ಕಾರ್ಡು ಸಂಘಕ್ಕೆ ಬಂದಾಗ ಹೆಸರಿನ ಮುಂದೆ ಕಂಸದಲ್ಲಿ ಮುಲುಂಡ್ ಎಂದಿತ್ತು. ಯಾರೋ ಅದನ್ನು ಆಫೀಸರ ಕಾರ್ಡುಗಳ ಕಟ್ಟಿಗೆ ಸೇರಿಸಿದ್ದರು. ನನಗೆ ಮೈ ಉರಿದುಹೋಯಿತು. ಆ ಕಾಲಕ್ಕೆ ಮುಲುಂಡಿನಲ್ಲಿದ್ದವರು ನನ್ನ ಗಂಡ. ಆಫೀಸರು ಆಗ ಜೋಗೇಶ್ವರಿಯಲ್ಲೇ ಬಾಡಿಗೆಗಿದ್ದರು. ಇವರು ಜೋಗೇಶ್ವರಿಗೆ ಬಂದದ್ದು, ಅವರು ಮುಲುಂಡಿಗೆ ಹೋದದ್ದು ಆಮೇಲೆ. ಕಾರ್ಡು ಬರೆದವರು ಆ ಕಾಲದ ಸ್ಟೇಷನ್ ಹಾಕಿದ್ದಾರೆ, ಅಷ್ಟೇ. ಇದು ಗೊತ್ತಿದ್ದೂ ಆಫೀಸರು ಸುಮ್ಮನಿದ್ದಾರಲ್ಲ! ಯಾರು ಬೇಕಾದರೂ ತಿದ್ದಬಹುದಲ್ಲವೇ? ಮುಲುಂಡ್ ಹೊಡೆದುಹಾಕಿ ಜೋಗೇಶ್ವರಿ ಎಂದು ಬರೆದು, ಕಾರ್ಡನ್ನು ನನ್ನ ಗಂಡನ ಕಟ್ಟಿಗೆ ಹಾಕಿದೆ. ಮುಂದಿನ ಭಾನುವಾರ ಹೋದರೆ ಅದು ಮತ್ತೆ ಮುಲುಂಡ್ ಆಗಿತ್ತು. ನಾನು ಮತ್ತೆ ತಿದ್ದಿದೆ. ಅದು ಮತ್ತೆ ತಿರುಗಿತು. ಯಾರ ಕೈ ಎಂದು ಹೇಳಲಾಗದ ಹಾಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದಿದ್ದರು. ಬ್ಯಾಂಕಿನವರ ಬುದ್ಧಿ ಎಂದುಕೊಂಡೆ. ಮನೆಯಲ್ಲಿ ಗಂಡನ ಮುಂದೆ ಕೂಗಾಡಿದರೆ, "ಹೋಗ್ಲಿ ಬಿಡು ಮಾರಾಯ್ತಿ, ಒಂದು ಕಾರ್ಡು ಅಲ್ವಾ" ಎಂದರು. ಈ ಮನುಷ್ಯನಿಗೆ ತನ್ನದನ್ನು ಉಳಿಸಿಕೊಳ್ಳಲೂ ಬರುವುದಿಲ್ಲವಲ್ಲ ಎಂದು ಅವರ ಮೇಲೂ ಸಿಟ್ಟು ಬಂತು.

ಕೊನೆಗೊಂದು ದಿನ ಆಫೀಸರೇ ದಾದರಿನಲ್ಲಿ ಗಾಡಿ ಬದಲಿಸಿ ನಮ್ಮ ಚಾಳಿನ ಮನೆಗೆ ಬಂದರು. ಕೈಯಲ್ಲಿ ರಬ್ಬರ್‌ಬ್ಯಾಂಡ್ ಹಾಕಿದ ಎರಡು ಕಟ್ಟು. "ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಯಾವುದು ಯಾರದು ಅಂತ ನಾವಿಬ್ಬರೂ ಕೂತು ಹೇಳಿಬಿಟ್ಟರೆ ಮುಗೀತು" ಎಂದು ನನ್ನ ಗಂಡನಿಗೆ ಹೇಳಿದರು.

"ತಿದ್ದುವಾಗ ಯಾರನ್ನೂ ಕೇಳಲಿಲ್ಲ, ಈಗ ಕೇಳೋಕೆ ಬಂದ್ರಾ?" ಎಂದೆ.

ಆಫೀಸರು ಗಲಿಬಿಲಿಗೊಂಡರು. "ನಾನು ಯಾವ ಕಾರ್ಡೂ ಮುಟ್ಟಿಲ್ಲವಲ್ಲಮ್ಮ."

"ತಿದ್ದಿದ್ದು ನಾನು" ಎಂದರು ನನ್ನ ಗಂಡ. ಮೇಲಿನ ಕಾರ್ಡನ್ನು ಎತ್ತಿ ಆಫೀಸರ ಮುಂದಿಟ್ಟರು. "ಈ ರಾಜನ ಪಾರ್ಟು ಇವರದ್ದೇ. ಕಾರ್ಡು ಬರೆದವರು ಈಗಿನ ಸ್ಟೇಷನ್ ಹಾಕಿದ್ದಾರೆ, ಅಷ್ಟೇ."

ನಾನು ಗಂಡನ ಕಡೆ ತಿರುಗಿದೆ. "ಮತ್ತೆ ನೀವು?"

"ನಾನು ಅವತ್ತು ಹೋಟೆಲಲ್ಲೇ ಇದ್ದೆ. ರಜೆ ಕೊಡ್ಲಿಲ್ಲ. ಆ ನಾಟಕ ನಾನು ನೋಡ್ಲೇ ಇಲ್ಲ."

"ಇಷ್ಟು ವರ್ಷ ಕೇಳಿಸಿಕೊಂಡಿರಲ್ಲ..."

"ಮೊದಲ ಸಲವೇ ಹೇಳ್ಬೇಕು ಅಂತ ಇತ್ತು. ನಿನ್ನ ಮುಖ ನೋಡಿ ಹೇಳ್ಲಿಕ್ಕೆ ಆಗ್ಲಿಲ್ಲ. ಆಮೇಲೆ ಹೇಳ್ಲಿಕ್ಕೆ ಹೆದರಿಕೆ ಆಯ್ತು."

ಅವರು ನನ್ನನ್ನು ನೋಡುತ್ತಿರಲಿಲ್ಲ, ಕಾರ್ಡನ್ನು ನೋಡುತ್ತಿದ್ದರು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಅದರ ಹಿಂದೆಯೇ ಭಯ. ನಾನು ಯಾರನ್ನು ನೋಡಿ ಅತ್ತಿದ್ದೆನೋ ಅವರು ನಮ್ಮ ಮನೆಯ ಚಾಪೆಯ ಮೇಲೆ, ಬೆವರು ಒರೆಸಿಕೊಳ್ಳುತ್ತಾ, ಬೋಳು ತಲೆ ಬಿಟ್ಟುಕೊಂಡು ಕೂತಿದ್ದರು.

ಆಫೀಸರಿಗೆ ಅರ್ಧವಷ್ಟೇ ತಿಳಿದಿರಬೇಕು. ಅವರ ಮುಖ ಅರಳಿತು. "ಆ ನಾಟಕ ನೀವು ನೋಡಿದ್ರೇನಮ್ಮ? ಅವತ್ತು ನಮ್ಮ ಮನೆಯವರು ಯಾರೂ ಬಂದಿರಲಿಲ್ಲ. ಆ ಕಿರೀಟ ತೆಗೆದು ಕೆಳಗೆ ಕೂತದ್ದು ಚೆನ್ನಾಗಿತ್ತಾ ಅಂತ ಇವತ್ತಿನವರೆಗೂ ಯಾರೂ ನಂಗೆ ಹೇಳಲಿಲ್ಲ. ಹೇಗಿತ್ತು?"

ನನ್ನ ಗಂಡ ತಲೆ ಎತ್ತಿ ನನ್ನನ್ನು ನೋಡಿದರು.

"ನಾನು ತುಂಬಾ ಹಿಂದೆ ಕೂತಿದ್ದೆ, ಏನೂ ನೆನಪಿಲ್ಲ" ಎಂದೆ.