ಮೊರಿತಾ ಸಾನ್ ಅವರ ಒದ್ದೆ ಕಂಬಳಿ

ಕೇಳಿಸದ ಸದ್ದಿಗೆ ಸಿಹಿ ಡಬ್ಬಿ ಹಿಡಿದು ಕ್ಷಮೆ ಕೇಳಲು ಬಂದವರು ನನ್ನ ಬದುಕಿನಲ್ಲಿ ಮೊರಿತಾ ಸಾನ್ ಒಬ್ಬರೇ. ನಾವು ಓಜಿಮಾದ ಫ್ಲಾಟಿಗೆ ಬಂದ ಎರಡನೇ ದಿನ ಪಕ್ಕದ ಮನೆಯ ಈ ಜಪಾನಿ ಅಜ್ಜ ಬಾಗಿಲಲ್ಲಿ ಸೊಂಟದವರೆಗೆ ಬಾಗಿ, "ಸುಮಿಮಾಸೆನ್. ನಾನು ಸ್ಕಾಟ್ಲೆಂಡಿನ ಗೇಲಿಕ್ ಹಾಡು ಅಭ್ಯಾಸ ಮಾಡುತ್ತೇನೆ. ತಮಗೆ ತೊಂದರೆಯಾಗುತ್ತದೆ," ಎಂದರು. ಆರು ತಿಂಗಳು ಗೋಡೆಗೆ ಕಿವಿ ಹಚ್ಚಿದರೂ ಒಂದು ಸಾಲು ಕೇಳಿಸಲಿಲ್ಲ. ಹಾಸಿಗೆ ಇಡುವ ಕಪಾಟಿನೊಳಗೆ ಕೂತು, ಬಾಗಿಲೆಳೆದುಕೊಂಡು ಹಾಡುತ್ತಿದ್ದರಂತೆ. ದಿನಕ್ಕೆ ಎಂಟು ಸಲ ಕೂಗುವ ನಮ್ಮ ಕುಕ್ಕರಿನ ಪರವಾಗಿ ನಾವು ಯಾರಿಗೂ ಒಂದು ಪೇಡವನ್ನೂ ಕೊಟ್ಟಿರಲಿಲ್ಲ. ಕೊನೆಗೆ ಕಟ್ಟಡದವರೇ ಚೀಟಿ ಕೊಟ್ಟರು: ದಯವಿಟ್ಟು ಮೆಲ್ಲಗೆ ಮಾತಾಡಿ. ಅಂದಿನಿಂದ ನಾನು ಸೀನಲಿಕ್ಕೂ ಬಚ್ಚಲುಮನೆಗೆ ಹೋಗುತ್ತಿದ್ದೆ.

ಮೊರಿತಾ ಸಾನ್ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಸ್ಕಾಟ್ಲೆಂಡನ್ನು ಕಣ್ಣಲ್ಲಿ ನೋಡಿದವರಲ್ಲ. ಅಲ್ಲಿನ ಹೆಂಗಸರು ಒದ್ದೆ ಉಣ್ಣೆಬಟ್ಟೆಯನ್ನು ಮೇಜಿಗೆ ಬಡಿದು ಹದ ಮಾಡುತ್ತಾ ಹಾಡುವ ಹಾಡೆಂದರೆ ಇವರಿಗೆ ಹುಚ್ಚು. ಒಬ್ಬರು ಸಾಲು ಹೇಳಬೇಕು, ಉಳಿದವರು ಬಟ್ಟೆ ಬಡಿಯುತ್ತಾ ಸೊಲ್ಲು ಕೊಡಬೇಕು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಇಚಿಕಾವಾದ ಕಾಫಿ ಅಂಗಡಿಯಲ್ಲಿ ಅವರ ಕಾರ್ಯಕ್ರಮ. ಮೂರು ವರ್ಷ ನಾನೂ ತಪ್ಪದೆ ಹೋದೆ. ಮಧ್ಯದಲ್ಲಿ ಮೇಜು, ಅದರ ಮೇಲೆ ಒದ್ದೆ ಕಂಬಳಿ, ಸುತ್ತ ಹತ್ತು ಕುರ್ಚಿ, ಎಲ್ಲರ ಕೈಗೂ ಸೊಲ್ಲು ಬರೆದ ಹಾಳೆ. ಪ್ರೇಕ್ಷಕರು ಎಂಥ ರಸಿಕರು ಅಂತೀರಿ! ಹಾಳೆಯನ್ನು ಮಡಿಲಲ್ಲಿಟ್ಟು, ಪರೀಕ್ಷೆಗೆ ಕೂತವರ ಹಾಗೆ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಮೊರಿತಾ ಸಾನ್ ಒಂದು ಸಾಲು ಹಾಡಿ, ಕಂಬಳಿ ಬಡಿದು, ಕಾಯುತ್ತಿದ್ದರು. ಫ್ರಿಜ್ ಗುಂಯ್ ಅನ್ನುತ್ತಿತ್ತು. ಮುಂದಿನ ಸಾಲಿಗೆ ಹೋಗುತ್ತಿದ್ದರು.

"ಆ ಸೊಲ್ಲನ್ನೂ ನೀವೇ ಹಾಡಬಾರದೇ?" ಎಂದು ಒಮ್ಮೆ ಕೇಳಿದೆ.

"ಅದು ನನ್ನದಲ್ಲ, ಇನ್ನೊಬ್ಬರದು. ಒಂದು ಸಲ, ಒಬ್ಬರು ಕೊಟ್ಟರೆ ಸಾಕು. ಆದರೆ ಕೊಡಿ ಎಂದು ಕೇಳುವುದು ಮರ್ಯಾದೆಯಲ್ಲ," ಎಂದರು.

ಕೇಳದೆ ಯಾರೂ ಹಾಡುವುದಿಲ್ಲ, ಹಾಡಿ ಎಂದು ಇವರು ಕೇಳುವುದಿಲ್ಲ. ಮರ್ಯಾದೆಗೇನೂ ಕೊರತೆಯಿರಲಿಲ್ಲ.

ಈ ವಸಂತದಲ್ಲಿ ಅವರ ಗಂಟಲಿಗೆ ಆಪರೇಷನ್ ಎಂದು ಗೊತ್ತಾಯಿತು, ದನಿ ಉಳಿಯುವುದಿಲ್ಲವೆಂದೂ. ಕೊನೆಯ ಕಾರ್ಯಕ್ರಮದಲ್ಲಿ, "ಮುಂದಿನ ತಿಂಗಳಿಂದ ನನ್ನ ತೊಂದರೆ ತಮಗಿರುವುದಿಲ್ಲ," ಎಂದು ಬಾಗಿದರು. ನನಗೆ ಆ ಸೊಲ್ಲು ಬಾಯಿಪಾಠ. ಅವರು ಕಾಯುತ್ತಿದ್ದಾಗ ನನ್ನ ಕೈ ಕಂಬಳಿಯವರೆಗೂ ಹೋಯಿತು.

"ಏ, ಸುಮ್ನಿರೇ ಪ್ಲೀಸ್, ಎಲ್ರೂ ನಮ್ಮನ್ನೇ ನೋಡ್ತಾರೆ," ಎಂದು ನಮ್ಮವರು ಪಿಸುಗುಟ್ಟಿದರು.

ತಪ್ಪನ್ನು ಗಂಡನ ತಲೆಗೆ ಕಟ್ಟುವುದು ಸುಲಭ. ಹೆದರಿದವಳು ನಾನೇ. ಹುಟ್ಟಿದಾಗಿನಿಂದ ಬಾಯಿಬಡುಕಿ ಎನಿಸಿಕೊಂಡವಳು, ಬಾಯಿ ಬೇಕಾಗಿದ್ದ ಒಂದೇ ದಿನ ಸಭ್ಯಸ್ಥೆಯಾಗಿಬಿಟ್ಟೆ. ಎಲ್ಲರೂ ಅಳತೆ ಮಾಡಿದಷ್ಟೇ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಯಿತು.

ಆಪರೇಷನ್ ಮುಗಿದು, ಒಕಾಜಾಕಿ ಊರಿನಲ್ಲಿರುವ ಮಗಳ ಮನೆಗೆ ಹೊರಟ ಬೆಳಿಗ್ಗೆ ಮೊರಿತಾ ಸಾನ್ ಮತ್ತೆ ಸಿಹಿ ಡಬ್ಬಿ ಹಿಡಿದು ಬಂದರು. ಕತ್ತಿಗೆ ಬಿಳಿ ಪಟ್ಟಿ. ಕೈಯಲ್ಲಿ ಚೀಟಿ: "ಇಷ್ಟು ವರ್ಷ ಸದ್ದು ಮಾಡಿದೆ. ಕ್ಷಮಿಸಿ." ನಾನು ಓದುತ್ತಿದ್ದಾಗ ಹಿಂದೆ ಕುಕ್ಕರ್ ಕೂಗಿತು. ಅವರು ನಮ್ಮ ಚಪ್ಪಲಿ ಗೂಡಿನ ಮೇಲೆ ಅಂಗೈಯಿಂದ ಬಡಿದರು. ಅದೇ ಸಾಲಿನ ತಾಳ. ಬಡಿದು, ನಿಲ್ಲಿಸಿ, ಕಾದರು.

ಸೊಲ್ಲು ಕೊಟ್ಟೆ. ಗಂಟಲು ಬಿಚ್ಚಿ, ಚಪ್ಪಲಿಗಳು ಉದುರುವ ಹಾಗೆ ಗೂಡು ಬಡಿಯುತ್ತಾ. ಅವರು ಮತ್ತೆ ಬಡಿದರು, ನಾನು ಮತ್ತೆ ಕೊಟ್ಟೆ. ಕಾರಿಡಾರಿನಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಮೊರಿತಾ ಸಾನ್ ಅಂದು ಯಾರಿಗೂ ಬಾಗಲಿಲ್ಲ. ಕಣ್ಣೊರೆಸಿಕೊಂಡು, ನೆಟ್ಟಗೆ ಲಿಫ್ಟಿನತ್ತ ನಡೆದರು.

ಸಂಜೆ ಅವರು ಕೊಟ್ಟ ಸಿಹಿಯನ್ನೇ ಹಿಡಿದು ಮಹಡಿಯ ಮನೆಮನೆಗೂ ಹೋಗಿ ಸದ್ದಿಗೆ ಕ್ಷಮೆ ಕೇಳಿದೆ. ಬೀಗ ಹಾಕಿದ ಅವರ ಬಾಗಿಲ ಮುಂದೆಯೂ ಒಂದು ಇಟ್ಟು ಬಂದೆ, ಅಷ್ಟು ವರ್ಷ ಸುಮ್ಮನಿದ್ದುದಕ್ಕೆ.